ಗೋಡೆಗೂ ದೋಣಿಗೂ ನಡುವಿನ ನೀರು

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿರುವ ನ್ಯೂಕ್ಯಾಸಲ್ ಕಲ್ಲಿದ್ದಲಿಗೆ ಹೆಸರಾದ ಬಂದರು. ಹಂಟರ್ ನದಿ ಕಡಲು ಸೇರುವ ಅಳಿವೆಯೇ ಅದರ ಬಾಗಿಲು. ಹಾಯಿಹಡಗುಗಳ ಕಾಲದಲ್ಲಿ ಈ ಬಾಗಿಲು ದಾಟುವುದೆಂದರೆ ನಾವಿಕರಿಗೆ ಜೀವ ಕೈಯಲ್ಲಿ ಹಿಡಿದ ಕೆಲಸ. ಅಳಿವೆಯ ಉತ್ತರಕ್ಕಿದ್ದ ಆಯ್ಸ್ಟರ್ ಬ್ಯಾಂಕ್ ಎಂಬ ಮರಳದಿಬ್ಬ ಎಷ್ಟೋ ಹಡಗುಗಳನ್ನು ನುಂಗಿತ್ತು. 1866ರ ಜುಲೈಯಲ್ಲಿ ‘ಕವಾರಾ’ ಎಂಬ ಉಗಿಹಡಗು ಅಲ್ಲಿ ಒಡೆದಾಗ 60 ಜನ ಸತ್ತರು, ಬದುಕಿದ್ದು ಒಬ್ಬನೇ ಒಬ್ಬ.

1904ರ ಸೆಪ್ಟೆಂಬರ್ 30ರಂದು ‘ಅಡಾಲ್ಫ್’ ಎಂಬ ಫ್ರೆಂಚ್ ಹಡಗು ಅದೇ ಬಾಗಿಲಿಗೆ ಬಂತು. ನಾಲ್ಕು ಕೂವೆಮರಗಳ ಉಕ್ಕಿನ ಹಾಯಿಹಡಗು. ಒಳಗೆ ಸರಕಿಲ್ಲದ್ದರಿಂದ ಮೈಯೆಲ್ಲ ನೀರಿನ ಮೇಲೆ ಎದ್ದು ನಿಂತಿತ್ತು. ಗಾಳಿಗೆ ಇಂಥದ್ದೇ ಬೇಕು. ‘ಹೀರೋ’, ‘ವಿಕ್ಟೋರಿಯಾ’ ಎಂಬ ಎರಡು ಟಗ್‌ಗಳು ಹಗ್ಗ ಕಟ್ಟಿ ಅದನ್ನು ಒಳಗೆ ಎಳೆದು ತರುತ್ತಿದ್ದವು. ಅಳಿವೆಯಲ್ಲಿ ಅಲೆ ದೊಡ್ಡದಾಗಿತ್ತು. ಒಂದು ಟಗ್‌ನ ಹಗ್ಗ ತುಂಡಾಯಿತು. ಉಳಿದೊಂದು ಟಗ್‌ನಿಂದ ಹಡಗನ್ನು ತಡೆದು ಹಿಡಿಯಲಾಗಲಿಲ್ಲ. ಗಾಳಿ ಮತ್ತು ಅಲೆ ಅದನ್ನು ಅಡ್ಡಡ್ಡ ದೂಡಿ ಆಯ್ಸ್ಟರ್ ಬ್ಯಾಂಕಿನ ಮೇಲೆ, ಅಲ್ಲಿ ಮೊದಲೇ ಮುಳುಗಿದ್ದ ಹಳೆಯ ಹಡಗುಗಳ ಅವಶೇಷಗಳ ಮೇಲೆ, ಎತ್ತಿ ಕೂರಿಸಿದವು. ‘ವಿಕ್ಟೋರಿಯಾ 2’ ಎಂಬ ಜೀವರಕ್ಷಕ ದೋಣಿಯವರು ಹುಟ್ಟು ಹಾಕುತ್ತ ಅಲ್ಲಿಗೆ ತಲುಪಿದರು. ಸುಮಾರು ಎರಡು ಗಂಟೆಯೊಳಗೆ ಹಡಗಿನಲ್ಲಿದ್ದ 32 ಜನರೂ ದಡ ಸೇರಿದರು. ಹಡಗು ಮಾತ್ರ ಅಲ್ಲೇ ಉಳಿಯಿತು. ಮುಂದೆ ಬಂದರಿನ ಉತ್ತರದ ಬ್ರೇಕ್‌ವಾಟರ್ ಅನ್ನು, ಅಂದರೆ ಅಲೆ ತಡೆಯುವ ಗೋಡೆಯನ್ನು, ಕಡಲಿಗೆ ಚಾಚಿದಾಗ ಆ ಅವಶೇಷಗಳ ಮೇಲೆಯೇ ಕಲ್ಲು ಸುರಿದರು. ಅಡಾಲ್ಫ್‌ನ ತುಕ್ಕು ಹಿಡಿದ ಉಕ್ಕಿನ ಒಡಲು ಇವತ್ತಿಗೂ ಸ್ಟಾಕ್ಟನ್ ಕಡೆಯ ಆ ಕಲ್ಲಿನ ದಂಡೆಯಲ್ಲಿ ಕಾಣುತ್ತದೆ.

ಬಂದರಿನ ಬಾಯಿಗೆ ಬಂದ ಮೇಲೆ ಹಡಗು ಹಾಳಾಗುವುದು ಏಕೆ? ನಡುಗಡಲಿನ ತೂಫಾನನ್ನು ತಡೆದುಕೊಂಡ ದೋಣಿ, ಬಂದರಿನ ದೀಪ ಕಣ್ಣಿಗೆ ಕಾಣುವಾಗ ಏಕೆ ಸೋಲುತ್ತದೆ? ಉತ್ತರ ಇರುವುದು ದೋಣಿಗೂ ಗೋಡೆಗೂ ನಡುವೆ ಉಳಿದಿರುವ ನೀರಿನಲ್ಲಿ. ನಡುಗಡಲಿನಲ್ಲಿ ಗಾಳಿ ದೂಡಿದರೆ ದೋಣಿ ದೂಡಿಸಿಕೊಂಡು ಹೋಗಬಹುದು, ಎಷ್ಟು ಹೊತ್ತಾದರೂ. ಬ್ರೇಕ್‌ವಾಟರ್ ಪಕ್ಕದಲ್ಲಿ ಆ ಅವಕಾಶವಿಲ್ಲ. ಈ ಅಧ್ಯಾಯದಲ್ಲಿ ಬರುವ ಲಂಗರು, ಹಗ್ಗ, ರಾಕೆಟ್, ಟಗ್ ಎಲ್ಲವೂ ಆ ನಡುವಿನ ನೀರನ್ನು ಉಳಿಸಿಕೊಳ್ಳಲು ಮನುಷ್ಯರು ಹುಡುಕಿದ ದಾರಿಗಳು.

ಮೊದಲು ಗಾಳಿಯ ಲೆಕ್ಕ. ಇಂದಿನ ಒಂದು ಸಾಧಾರಣ ಹಾಯಿದೋಣಿಯನ್ನು ತೆಗೆದುಕೊಳ್ಳೋಣ: 10 ಮೀಟರ್ ಉದ್ದ, 5 ಟನ್ ತೂಕ, 25 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಹಾಯಿಯನ್ನು ಪೂರ್ತಿ ಇಳಿಸಿ ಕಟ್ಟಿದ್ದಾರೆ. ಹಾಯಿ ಇಳಿಸಿದರೆ ಗಾಳಿಗೆ ಹಿಡಿತ ಸಿಗುವುದಿಲ್ಲ ಎಂದುಕೊಳ್ಳಬೇಡಿ. ನೀರಿನ ಮೇಲಿರುವ ಒಡಲು, ಕೂವೆಮರ, ತಂತಿಗಳು, ಸುತ್ತಿ ಕಟ್ಟಿದ ಬಟ್ಟೆ ಎಲ್ಲ ಸೇರಿ ಪಕ್ಕದಿಂದ ಸುಮಾರು 15 ಚದರ ಮೀಟರ್ ಆಗುತ್ತದೆ. 40 ನಾಟ್ ಗಾಳಿ, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್, ಪ್ರತಿ ಚದರ ಮೀಟರಿಗೆ ಹೆಚ್ಚು ಕಡಿಮೆ 26 ಕಿಲೋ ಒತ್ತಡ ಹಾಕುತ್ತದೆ. ಗುಣಿಸಿ ನೋಡಿ: ದೋಣಿಯ ಮೇಲೆ ಸುಮಾರು 390 ಕಿಲೋ ಬಲ. ಗಾಳಿ 20 ನಾಟ್ ಇದ್ದಿದ್ದರೆ ಇದರ ಅರ್ಧವಲ್ಲ, ಕಾಲು ಭಾಗ ಮಾತ್ರ ಇರುತ್ತಿತ್ತು. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. ಬೆಳಿಗ್ಗೆ ಹಗುರಾಗಿ ನಡೆಸಿದ ದೋಣಿ ಮಧ್ಯಾಹ್ನ ಕೈಮೀರಿ ಹೋಗುವುದು ಈ ಕಾರಣಕ್ಕೆ.

25 ಅಶ್ವಶಕ್ತಿಯ ಎಂಜಿನ್ ನಿಂತಲ್ಲಿಂದ ತಳ್ಳಬಲ್ಲ ಬಲ ಸುಮಾರು 250 ಕಿಲೋ. ದೋಣಿಯ ಮೂತಿ ನೇರ ಗಾಳಿಗೆ ಮುಖ ಮಾಡಿದ್ದರೆ ಗಾಳಿಗೆ ಸಿಗುವ ಮೈ ಚಿಕ್ಕದು, ಆಗ ಎಂಜಿನ್ ಗೆಲ್ಲಬಹುದು. ಆದರೆ ಒಂದು ದೊಡ್ಡ ಅಲೆ ಮೂತಿಗೆ ಬಡಿದು ದೋಣಿಯನ್ನು ಅಡ್ಡ ತಿರುಗಿಸಿತೆನ್ನಿ. ಈಗ ಗಾಳಿ 390 ಕಿಲೋ ಬಲದಿಂದ ಪಕ್ಕಕ್ಕೆ ದೂಡುತ್ತದೆ, ಎಂಜಿನ್ ಮುಂದಕ್ಕಷ್ಟೇ ತಳ್ಳುತ್ತದೆ.

ಇಲ್ಲಿಗೇ ಮುಗಿಯಲಿಲ್ಲ. ಹಾಯಿದೋಣಿಯ ಅಡಿಯಲ್ಲಿ ನೀರಿಗೆ ಇಳಿಬಿದ್ದ ರೆಕ್ಕೆಯಂಥ ಭಾಗವಿದೆಯಲ್ಲ, ಕೀಲ್, ಅದು ದೋಣಿ ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ಚುಕ್ಕಾಣಿ ತಿರುಗಿಸುತ್ತದೆ. ಆದರೆ ಎರಡಕ್ಕೂ ಬಲ ಬರುವುದು ಅವುಗಳ ಮೇಲೆ ನೀರು ಹರಿದಾಗ. ದೋಣಿ ಮುಂದಕ್ಕೆ ಓಡುತ್ತಿರಬೇಕು. ನಿಂತ ದೋಣಿಯ ಚುಕ್ಕಾಣಿ ಎಷ್ಟು ತಿರುಗಿಸಿದರೂ ಮೂತಿ ಅಲುಗುವುದಿಲ್ಲ, ಕೀಲ್ ಕೂಡ ನೀರನ್ನು ಹಿಡಿಯದೆ ಅಡ್ಡಕ್ಕೆ ಜಾರುತ್ತದೆ. ಅಂದರೆ ವೇಗ ಕಳೆದುಕೊಂಡ ಗಳಿಗೆಯಲ್ಲೇ ಹಾಯಿದೋಣಿ ತನ್ನ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಹೀಗೆ ಅಡ್ಡಬಿದ್ದ ದೋಣಿ 2 ನಾಟ್ ವೇಗದಲ್ಲಿ ತೇಲಿಹೋದರೂ ಸೆಕೆಂಡಿಗೆ ಒಂದು ಮೀಟರ್ ಆಯಿತು. ಗೋಡೆ 100 ಮೀಟರ್ ದೂರದಲ್ಲಿದ್ದರೆ ಕೈಯಲ್ಲಿರುವ ಸಮಯ ಎರಡು ನಿಮಿಷಕ್ಕೂ ಕಡಿಮೆ. ಪ್ರೊಪೆಲ್ಲರಿಗೆ ಸುತ್ತಿಕೊಂಡ ಹಗ್ಗ ಬಿಡಿಸಲು, ಕೆಟ್ಟ ಎಂಜಿನ್ ಮತ್ತೆ ಚಾಲೂ ಮಾಡಲು ಅದು ಸಾಲದು.

ಇನ್ನು ಗೋಡೆಯ ಕಡೆ ಬರೋಣ. ಕಡಿದಾಗಿ ನಿಂತ ಗೋಡೆಗೆ ಬಡಿದ ಅಲೆ ಮಾಯವಾಗುವುದಿಲ್ಲ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಒಂದರ ಮೇಲೊಂದು ಸೇರಿ ಗೋಡೆಯ ಬುಡದಲ್ಲಿ ಎತ್ತರ ಸರಿಸುಮಾರು ಇಮ್ಮಡಿಯಾಗುತ್ತದೆ. ಹೊರಗೆ 2 ಮೀಟರ್ ಇದ್ದ ಅಲೆ ಗೋಡೆಯ ಹತ್ತಿರ 4 ಮೀಟರ್ ಏರಿ ಇಳಿಯುತ್ತದೆ. ಗೋಡೆಗೆ ತಾಗಿದಂತೆ ನೀರು ಮೇಲೆ ಕೆಳಗೆ ಓಡಾಡಿದರೆ, ಅಲೆಯುದ್ದದ ಕಾಲು ಭಾಗದಷ್ಟು ಹೊರಗೆ ಅದೇ ನೀರು ಮುಂದಕ್ಕೂ ಹಿಂದಕ್ಕೂ ಎಳೆದಾಡುತ್ತದೆ. ಗೋಡೆಯ ಬಳಿ ಸಿಕ್ಕಿಬಿದ್ದ ದೋಣಿ ಈ ಎರಡು ಚಲನೆಗಳ ನಡುವೆ ತೊಯ್ದಾಡುತ್ತದೆ. ನೆರವಿಗೆ ಬಂದ ದೋಣಿಯ ಪಾಡೂ ಅದೇ.

ಏಟಿನ ಲೆಕ್ಕವನ್ನೂ ಹಾಕಿಬಿಡೋಣ. 5 ಟನ್ನಿನ ದೋಣಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಕಲ್ಲಿಗೆ ತಾಗಿ 5 ಸೆಂಟಿಮೀಟರಿನೊಳಗೆ ನಿಂತರೆ, ಆ ಜಾಗದ ಮೇಲೆ ಬೀಳುವ ಸರಾಸರಿ ಬಲ ಸುಮಾರು 5 ಟನ್. ಫೈಬರ್‌ಗ್ಲಾಸ್ ಒಡಲು ಇಂಥ ಒಂದೆರಡು ಏಟು ತಡೆದುಕೊಳ್ಳಬಹುದು. ನಿಜವಾಗಿ ದೋಣಿ ಮುರಿಯುವುದು ಬೇರೆ ರೀತಿ. ಅಲೆ ಅದನ್ನು ಎತ್ತುತ್ತದೆ, ಅಲೆ ಸರಿದಾಗ ದೋಣಿ ಕಲ್ಲಿನ ಮೇಲೆ ಬೀಳುತ್ತದೆ. ಒಂದೇ ಮೀಟರ್ ಬಿದ್ದರೂ ಅದರ ಶಕ್ತಿ ಮೇಲೆ ಹೇಳಿದ ಪಕ್ಕದ ಏಟಿನ ಇಪ್ಪತ್ತು ಪಟ್ಟು. ಆರೇಳು ಸೆಕೆಂಡಿಗೊಂದು ಅಲೆ. ಹತ್ತು ನಿಮಿಷದಲ್ಲಿ ಎಷ್ಟು ಸಲ ಬಿದ್ದೀತು, ನೀವೇ ಎಣಿಸಿ.

ಅಲೆಯ ಬಲವನ್ನು ಮೊದಲು ಅಳೆದವರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ ಮುಖ್ಯ. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ನನ ತಂದೆ. ಸ್ಪ್ರಿಂಗಿನ ಮೇಲೆ ತಟ್ಟೆ ಕೂರಿಸಿದ ಒಂದು ಸರಳ ಸಾಧನವನ್ನು ಆತ ಕಡಲಬಂಡೆಗೆ ಬಿಗಿದ. 1845ರ ಮಾರ್ಚಿನಲ್ಲಿ ಸ್ಕೆರಿವೋರ್ ಬಂಡೆಯ ಬಳಿ ಅದು ಚದರ ಅಡಿಗೆ 6083 ಪೌಂಡ್ ತೋರಿಸಿತು, ಅಂದರೆ ಚದರ ಮೀಟರಿಗೆ ಸುಮಾರು 30 ಟನ್. ಇಷ್ಟು ತಿಳಿದವನನ್ನೂ ಕಡಲು ಸೋಲಿಸಿತು. ವಿಕ್ ಎಂಬಲ್ಲಿ ಸ್ಟೀವನ್ಸನ್ ಕುಟುಂಬದವರು ಕಟ್ಟುತ್ತಿದ್ದ ಬ್ರೇಕ್‌ವಾಟರಿನ ತುದಿಯಲ್ಲಿದ್ದ 1350 ಟನ್ನಿನ ಕಾಂಕ್ರೀಟ್ ರಾಶಿಯನ್ನು 1872ರ ಡಿಸೆಂಬರಿನ ಬಿರುಗಾಳಿ ಇಡಿಯಾಗಿ ಕಿತ್ತು ಸರಿಸಿತು. ಅದರ ಜಾಗಕ್ಕೆ ಇಟ್ಟ 2600 ಟನ್ನಿನದೂ 1877ರಲ್ಲಿ ಹೋಯಿತು. ಇಂಥ ಅಲೆಯ ದಾರಿಯಲ್ಲಿ 5 ಟನ್ನಿನ ದೋಣಿ ಯಾವ ಲೆಕ್ಕ?

ಗೋಡೆಯಿಂದ ಹಿಂದಿರುಗುವ ನೀರು ನೆರವಿಗೆ ಬಂದವರನ್ನು ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಕಾರ್ಬರೋದಲ್ಲಿ 1861ರ ನವೆಂಬರ್ 2ರಂದು ನಡೆದದ್ದು ಸಾಕ್ಷಿ. ‘ಕೂಪ್‌ಲ್ಯಾಂಡ್’ ಎಂಬ ಸ್ಕೂನರ್ ಹಾಯಿಹಡಗು ಬಿರುಗಾಳಿಯಲ್ಲಿ ಬಂದರು ಹೊಗಲು ನೋಡಿ, ಬಾಯಿ ತಪ್ಪಿ, ಸ್ಪಾ ಎಂಬ ಕಟ್ಟಡದ ಮುಂದಿನ ಕಡಲಗೋಡೆಯ ಕಡೆ ದೂಡಲ್ಪಟ್ಟಿತು. ಊರಿಗೆ ಹೊಸದಾಗಿ ಬಂದಿದ್ದ ‘ಅಮೆಲಿಯಾ’ ಎಂಬ ಜೀವರಕ್ಷಕ ದೋಣಿಯನ್ನು ಇಳಿಸಿದರು. ಅದು ಹಡಗಿನ ಹತ್ತಿರ ಹೋದಾಗ, ಒಳಬರುವ ಅಲೆಯೂ ಗೋಡೆಯಿಂದ ಹಿಂದಿರುಗುವ ಅಲೆಯೂ ಸೇರಿ ಎದ್ದ ನೀರಿನಲ್ಲಿ ಸಿಕ್ಕಿ, ಅದರೊಳಗಿದ್ದವರು ಹೊರಗೆ ಎಸೆಯಲ್ಪಟ್ಟರು. ಅಲೆ ದೋಣಿಯನ್ನು ಗೋಡೆಗೆ ಅಪ್ಪಳಿಸಿತು. ಅದನ್ನು ಕಂಡ ದಡದ ಜನ ತಡೆಯಲಾರದೆ ನೀರಿಗಿಳಿದರು. ಇಬ್ಬರು ಜೀವರಕ್ಷಕರೂ, ಅವರ ಸಹಾಯಕ್ಕೆ ಧಾವಿಸಿದ ಮೂವರೂ ಸತ್ತರು. ಆ ಮೂವರಲ್ಲಿ ಲಾರ್ಡ್ ಚಾರ್ಲ್ಸ್ ಬೊಕ್ಲರ್ಕ್ ಒಬ್ಬ. ಯಾರನ್ನು ಉಳಿಸಲು ಇಷ್ಟೆಲ್ಲ ನಡೆಯಿತೋ ಆ ಕೂಪ್‌ಲ್ಯಾಂಡಿನ ನಾವಿಕರನ್ನು ಕೊನೆಗೆ ಕರೆತಂದದ್ದು ದಡದಿಂದ ರಾಕೆಟ್ ಹಾರಿಸಿ ತಲುಪಿಸಿದ ಹಗ್ಗ.

ಆ ಹಗ್ಗದ ಹಿಂದೆಯೂ ಕಣ್ಣೆದುರು ಮುಳುಗಿದ ಹಡಗುಗಳಿವೆ. 1807ರಲ್ಲಿ ಗ್ರೇಟ್ ಯಾರ್ಮತ್ ಬಳಿ ಕೈಗೆಟುಕುವಷ್ಟು ಹತ್ತಿರದಲ್ಲಿ ಜನ ಸಾಯುವುದನ್ನು ನೋಡಿದ ಕ್ಯಾಪ್ಟನ್ ಜಾರ್ಜ್ ಮ್ಯಾನ್ಬಿ, ಮರುವರ್ಷವೇ ಸಣ್ಣ ಫಿರಂಗಿಯಿಂದ ಗುಂಡಿಗೆ ಹಗ್ಗ ಕಟ್ಟಿ ಹಡಗಿನ ಮೇಲೆ ಹಾರಿಸಿ ಜನರನ್ನು ಉಳಿಸಿದ. ಅದೇ 1807ರ ಡಿಸೆಂಬರಿನಲ್ಲಿ ಕಾರ್ನ್‌ವಾಲ್‌ನಲ್ಲಿ ‘ಆನ್ಸನ್’ ಯುದ್ಧನೌಕೆ ದಡದ ಪಕ್ಕದಲ್ಲೇ ಒಡೆದದ್ದನ್ನು ಕಂಡ ಹೆನ್ರಿ ಟ್ರೆಂಗ್ರೂಸ್ ರಾಕೆಟ್ಟಿಗೆ ಹಗ್ಗ ಕಟ್ಟುವ ದಾರಿ ಹಿಡಿದ. ಇಬ್ಬರಿಗೂ ಹೊಳೆದದ್ದು ಒಂದೇ. ಕೊನೆಯ 100 ಮೀಟರ್ ನೀರಿಗೆ ಮನುಷ್ಯ ಇಳಿಯಬಾರದು, ಹಗ್ಗ ದಾಟಬೇಕು.

ಇಂದಿನ ಬ್ರೇಕ್‌ವಾಟರುಗಳು ಹೆಚ್ಚಾಗಿ ಇಳಿಜಾರು ಕಲ್ಲಿನ ರಾಶಿಗಳು. ಮೇಲೆ ದೊಡ್ಡ ಬಂಡೆ, ಇಲ್ಲವೇ ಮುಂಬೈಯ ಮರೀನ್ ಡ್ರೈವ್‌ನಲ್ಲಿ ಕಾಣುವ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌. ಸಂದುಗಳಲ್ಲಿ ನುಗ್ಗಿದ ನೀರು ಸುಳಿದು ಸುಳಿದು ಬಲ ಕಳೆದುಕೊಳ್ಳುತ್ತದೆ, ಹಿಂದಿರುಗುವ ಅಲೆ ಸಣ್ಣದಾಗುತ್ತದೆ. ಬಂದರಿಗೆ ಇದು ಒಳ್ಳೆಯದು. ನೀರಿಗೆ ಬಿದ್ದ ಮನುಷ್ಯನಿಗೆ ಮಾತ್ರ ಆ ಸಂದುಗಳೇ ಅಪಾಯ: ಏರುವ ಅಲೆ ಒಳಗೆ ತುರುಕುತ್ತದೆ, ಇಳಿಯುವ ಅಲೆ ಎಳೆಯುತ್ತದೆ, ಪಾಚಿ ಕಟ್ಟಿದ ಕಲ್ಲಿನಲ್ಲಿ ಕೈಗೆ ಹಿಡಿತವಿರುವುದಿಲ್ಲ. ದೋಣಿ ಕಲ್ಲಿಗೆ ತಾಗುತ್ತಿದ್ದಂತೆ ದಂಡೆಯ ಮೇಲೆ ಹಾರಿಬಿಡೋಣ ಎನ್ನಿಸುವುದು ಸಹಜ. ಆದರೆ ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿದ ಕಾಲು ಉಳಿಯುವುದಿಲ್ಲ. ಪಳಗಿದ ನಾವಿಕರು ಕೊನೆಯವರೆಗೂ ದೋಣಿಯಲ್ಲೇ ಇರಿ ಎನ್ನುವುದು ಅದಕ್ಕೇ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಲಂಗರಿನಲ್ಲಿದೆ. ಲಂಗರು ತೂಕದಿಂದ ಹಿಡಿಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹತ್ತು ಹದಿನೈದು ಕಿಲೋ ಕಬ್ಬಿಣ 390 ಕಿಲೋ ಬಲವನ್ನು ತೂಕದಿಂದ ತಡೆಯುವುದು ಹೇಗೆ ಸಾಧ್ಯ? ಅದು ತಡೆಯುವುದು ನೆಲಕ್ಕೆ ಹೂತುಕೊಂಡು. ನೇಗಿಲಿನ ಗುಳ ಮಣ್ಣಿಗೆ ಇಳಿಯುವಂತೆ ಅದರ ಚೂಪು ಮರಳಿಗೆ ಇಳಿಯಬೇಕು. ಅದಕ್ಕೆ ಎಳೆತ ನೆಲಕ್ಕೆ ಸಮನಾಗಿ ಬರಬೇಕು, ಮೇಲಕ್ಕೆ ಎತ್ತುವಂತಿರಬಾರದು. ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರ ಸೇರಿಸಿ 7 ಮೀಟರ್ ಎಂದಿಟ್ಟುಕೊಳ್ಳಿ. ಅದರ ಮೂರು ಪಟ್ಟು, 21 ಮೀಟರ್ ಹಗ್ಗ ಬಿಟ್ಟರೆ ಬಿಗಿಯಾದ ಹಗ್ಗ ನೆಲಕ್ಕೆ ಸುಮಾರು 20 ಡಿಗ್ರಿ ಕೋನದಲ್ಲಿ ಏಳುತ್ತದೆ. ಲಂಗರು ಕಿತ್ತು ಬರಬಹುದು. ಏಳು ಪಟ್ಟು, 49 ಮೀಟರ್ ಬಿಟ್ಟರೆ ಕೋನ 8 ಡಿಗ್ರಿಗೆ ಇಳಿಯುತ್ತದೆ. ಲಂಗರಿನ ಪಕ್ಕಕ್ಕೆ ಕೆಲವು ಮೀಟರ್ ಸರಪಳಿ ಕಟ್ಟಿದರೆ ಅದರ ಭಾರ ಹಗ್ಗವನ್ನು ನೆಲಕ್ಕೆ ಒತ್ತಿ ಕೋನವನ್ನು ಇನ್ನಷ್ಟು ತಗ್ಗಿಸುತ್ತದೆ. ಉಳಿದದ್ದು ನೈಲಾನ್ ಹಗ್ಗವಾಗಿರಬೇಕು, ಏಕೆಂದರೆ ಅದು ಹಿಗ್ಗುತ್ತದೆ, ಅಲೆ ಎತ್ತಿ ಎಳೆದಾಗ ಒಮ್ಮೆಲೇ ಬೀಳುವ ಜಗ್ಗನ್ನು ನುಂಗಿಕೊಳ್ಳುತ್ತದೆ.

ಈಗ ಗೋಡೆಯ ದೂರವನ್ನು ಮತ್ತೆ ನೆನೆಯಿರಿ. 49 ಮೀಟರ್ ಹಗ್ಗ, 10 ಮೀಟರ್ ದೋಣಿ, ಲಂಗರು ಕಚ್ಚುವ ಮೊದಲು ಎಳೆದುಕೊಂಡು ಹೋಗುವ ಇನ್ನೊಂದಿಷ್ಟು ಮೀಟರ್. ಗೋಡೆಯಿಂದ 30 ಮೀಟರಿನಲ್ಲಿ ಲಂಗರು ಹಾಕಿದರೆ ಬೇಕಾದಷ್ಟು ಹಗ್ಗ ಬಿಡುವ ಮೊದಲೇ ದೋಣಿ ಕಲ್ಲಿನ ಮೇಲಿರುತ್ತದೆ. ಅದಕ್ಕೇ ಬಂದರಿನ ಬಾಗಿಲು ದಾಟುವಾಗ ಲಂಗರು ಮೂತಿಯಲ್ಲಿ ಕಟ್ಟು ಬಿಚ್ಚಿ ಸಿದ್ಧವಾಗಿರಬೇಕು. ಎಂಜಿನ್ ನಿಂತ ಕೂಡಲೇ ಲಂಗರು, ಆಮೇಲೆ ರೇಡಿಯೋ ಕರೆ, ಆಮೇಲೆ ಎಂಜಿನ್. ಮೊದಲು ಎಂಜಿನ್ ಮುಚ್ಚಳ ತೆಗೆದು ನೋಡಲು ಕೂತವರು ಆ ಎರಡು ನಿಮಿಷವನ್ನು ಅಲ್ಲೇ ಕಳೆದುಬಿಡುತ್ತಾರೆ.

ನೆರವಿಗೆ ಬರುವ ದೋಣಿಯೂ ಲಂಗರನ್ನೇ ನಂಬುತ್ತದೆ. ಜೀವರಕ್ಷಕ ದೋಣಿಗಳ ಹಳೆಯ ಉಪಾಯವೊಂದಿದೆ. ಗೋಡೆಯ ಕಡೆಗೆ ನುಗ್ಗುವುದಿಲ್ಲ. ಗಾಳಿ ಬರುವ ಕಡೆ, ಸಂಕಟದಲ್ಲಿರುವ ದೋಣಿಗಿಂತ ಸಾಕಷ್ಟು ಹೊರಗೆ ನಿಂತು ತಮ್ಮ ಲಂಗರು ಹಾಕುತ್ತಾರೆ. ಅದು ಚೆನ್ನಾಗಿ ಕಚ್ಚಿದ ಮೇಲೆ ಮೂತಿಯನ್ನು ಗಾಳಿಗೇ ಇಟ್ಟು, ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಗಾಳಿಯೇ ತಮ್ಮನ್ನು ಹಿಂದಕ್ಕೆ ಇಳಿಸುವಂತೆ ಮಾಡುತ್ತಾರೆ. ಮೂತಿಯಲ್ಲಿ ಕೂತವನ ಕೈಯಲ್ಲಿ ಹಗ್ಗ. ಅಲೆಯ ಏರಿಳಿತ ನೋಡಿ ಅವನು ಬಿಡುತ್ತಾನೆ, ಹಿಡಿಯುತ್ತಾನೆ. ಹಿಂಬದಿಯವನು ದೂರವನ್ನು ಕೂಗಿ ಹೇಳುತ್ತಾನೆ. ಎಸೆದ ಹಗ್ಗ ತಲುಪುವಷ್ಟು ಹತ್ತಿರವಾದಾಗ ನಿಲ್ಲಿಸುತ್ತಾರೆ. ಹಗ್ಗ ಹಿಡಿದು ಜನರನ್ನು ಕರೆದುಕೊಳ್ಳುತ್ತಾರೆ, ಆಮೇಲೆ ಎಂಜಿನ್ ಕೈಕೊಟ್ಟರೂ ಲಂಗರಿನ ಹಗ್ಗವನ್ನೇ ಎಳೆದುಕೊಂಡು ಹೊರಗೆ ಬರಬಹುದು. ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆ ಆರ್‌ಎನ್‌ಎಲ್‌ಐ 1824ರಿಂದ ಇದೆ. ಈಗಿನ ಅದರ ದೋಣಿಗಳ ಎಂಜಿನ್ ಎಷ್ಟು ಬಲವಾದದ್ದಾದರೂ ಈ ವಿದ್ಯೆಯನ್ನು ಅವರು ಕೈಬಿಟ್ಟಿಲ್ಲ. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ಎದುರಾಳಿ ಗಾಳಿಯಿಂದಲೇ ಕೆಲಸ ಮಾಡಿಸಿಕೊಳ್ಳುವ ಜಾಣತನ.

ದೋಣಿಯನ್ನೂ ಎಳೆಯಬೇಕಾದಾಗ ಹಗ್ಗದ ವಿಷಯ ಮತ್ತೆ ಬರುತ್ತದೆ. ಹಿಗ್ಗಿದ ನೈಲಾನ್ ಹಗ್ಗದಲ್ಲಿ ಶಕ್ತಿ ತುಂಬಿಕೊಂಡಿರುತ್ತದೆ. ಅದು ತುಂಡಾದರೆ, ಅಥವಾ ಅದನ್ನು ಕಟ್ಟಿದ ಗೂಟ ಕಿತ್ತುಬಂದರೆ, ತುದಿ ತಿರುಗಿ ಬಾರಿಸುತ್ತದೆ. ಅದಕ್ಕೆ ಸಿಕ್ಕಿ ಕೈಕಾಲು, ಪ್ರಾಣ ಕಳೆದುಕೊಂಡವರಿದ್ದಾರೆ. ಎಳೆಯುವಾಗ ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು ಎಂಬ ನಿಯಮ ಬಂದದ್ದು ಅಲ್ಲಿಂದ. ಸಣ್ಣ ಹಾಯಿದೋಣಿಯ ಮೂತಿಯ ಗೂಟವನ್ನು ನಿಂತಲ್ಲಿ ಕಟ್ಟಿಹಾಕಲು ಮಾಡಿರುತ್ತಾರೆ, ಅಲೆಯಲ್ಲಿ ಎಳೆಸಿಕೊಳ್ಳಲು ಅಲ್ಲ. ಬಲವನ್ನು ಎರಡು ಮೂರು ಕಡೆ ಹಂಚಿ ಕಟ್ಟಬೇಕು. ಕೂವೆಮರ ಅಟ್ಟ ತೂರಿ ಅಡಿಯ ಕೀಲ್‌ವರೆಗೆ ಇಳಿದಿರುವ ದೋಣಿಯಲ್ಲಿ ಅದರ ಬುಡಕ್ಕೆ ಸುತ್ತಿ ಕಟ್ಟುವುದೂ ಉಂಟು. ಎಳೆಯುವ ದೋಣಿ ನಿಧಾನವಾಗಿ ಹಗ್ಗ ಬಿಗಿ ಮಾಡಬೇಕು. ಒಮ್ಮೆಲೇ ಎಂಜಿನ್ ಒದ್ದರೆ ಅಡಾಲ್ಫ್ ಎಳೆಯುತ್ತಿದ್ದ ಟಗ್‌ನ ಹಗ್ಗದಂತೆ ಇದೂ ತುಂಡಾಗಬಹುದು.

ನಮ್ಮ ಕರಾವಳಿಯಲ್ಲಿ ಹಾಯಿದೋಣಿ ಅಪರೂಪವಾಯಿತು, ಆದರೆ ಅಳಿವೆಯ ಬಾಗಿಲು ಅದೇ. ಮಂಗಳೂರಿನಲ್ಲಿ ಬೆಂಗ್ರೆಗೂ ಉಳ್ಳಾಲಕ್ಕೂ ನಡುವೆ ನೇತ್ರಾವತಿ, ಫಲ್ಗುಣಿ ಸೇರಿ ಕಡಲಿಗೆ ಬೀಳುವಲ್ಲಿ, ಮಲ್ಪೆಯಲ್ಲಿ, ಕಲ್ಲಿನ ದಂಡೆಗಳ ನಡುವೆಯೇ ಬೋಟುಗಳು ಹೋಗಿ ಬರಬೇಕು. ನದಿಯ ನೀರು ಹೊರಗೆ ಹರಿಯುವಾಗ ಒಳಬರುವ ಅಲೆ ಅದಕ್ಕೆ ಎದುರಾಗಿ ಮೊಟಕಾಗುತ್ತದೆ, ಎತ್ತರವಾಗುತ್ತದೆ, ಕಡಿದಾಗಿ ಮುರಿಯುತ್ತದೆ. ಇಳಿತದ ಹೊತ್ತಿನಲ್ಲಿ, ಮಳೆಗಾಲದ ನೆರೆಯಲ್ಲಿ ಇದು ಇನ್ನೂ ಜೋರು. ಅದೇ ಅಳಿವೆ ಭರತ ಏರುವಾಗ ಎಷ್ಟೋ ಸಮಾಧಾನವಾಗಿರುತ್ತದೆ, ಗಾಳಿ ಅಷ್ಟೇ ಇದ್ದರೂ. ಮೀನುಗಾರರು ಹೊರಗೆ ನಿಂತು ನೀರು ನೋಡಿ ಒಳಬರುವುದರಲ್ಲಿ ಈ ಭೌತಶಾಸ್ತ್ರವೆಲ್ಲ ಇದೆ. ಎಂಜಿನ್ ಕೆಟ್ಟು, ಪ್ರೊಪೆಲ್ಲರಿಗೆ ಬಲೆ ಸುತ್ತಿ, ಬೋಟು ದಂಡೆಯ ಕಲ್ಲಿಗೆ ಬಡಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ; ಎಷ್ಟೋ ಸಲ ಮೊದಲು ಹಗ್ಗ ಎಸೆಯುವುದು ಹಿಂದೆ ಬರುತ್ತಿದ್ದ ಇನ್ನೊಂದು ಬೋಟು. ರೇಡಿಯೋ ಇದ್ದರೆ ವಿಎಚ್‌ಎಫ್ 16ನೇ ಚಾನೆಲ್, ಫೋನಿದ್ದರೆ ಕೋಸ್ಟ್ ಗಾರ್ಡಿನ 1554. ಕರೆಯನ್ನು ಕಲ್ಲಿಗೆ ತಾಗಿದ ಮೇಲೆ ಅಲ್ಲ, ಎಂಜಿನ್ ಕೆಮ್ಮಿದಾಗಲೇ ಮಾಡಬೇಕು.

ಇಷ್ಟಾದರೂ ದೋಣಿ ಕಲ್ಲಿನ ಮೇಲೆ ಕೂತೇಬಿಟ್ಟರೆ? ಜನ ಇಳಿದಾದ ಮೇಲೆ ಅವಸರ ಬೇಡ. ಒಡಲು ತೂತಾದ ದೋಣಿಯನ್ನು ಕೂಡಲೇ ಆಳದ ನೀರಿಗೆ ಎಳೆದರೆ ಅದು ಮುಳುಗುತ್ತದೆ, ಬಂದರಿನ ಬಾಯಿಗೂ ಅಡ್ಡವಾಗುತ್ತದೆ. ಕಲ್ಲಿನ ಮೇಲೆ ಕೂತಿರುವಷ್ಟು ಹೊತ್ತು ಅದು ಮುಳುಗಲಾರದು. ಹೊರಗೆ ಗಾಳಿಯ ಕಡೆ ಲಂಗರು ಹಾಕಿ ಅದರ ಹಗ್ಗ ಬಿಗಿದು, ಮತ್ತಷ್ಟು ಮೇಲೆ ಹತ್ತದಂತೆ ಹಿಡಿದಿಡುತ್ತಾರೆ. ಇಳಿತದಲ್ಲಿ ನೀರು ಸರಿದಾಗ ತೂತು ಹುಡುಕಿ ಒಳಗಿನಿಂದ ಹಾಸಿಗೆ, ಹಲಗೆ, ತಾಡಪಾಲು ಏನು ಸಿಗುತ್ತದೋ ಅದನ್ನು ಒತ್ತಿ ಕಟ್ಟಿ ಪಂಪು ಹಚ್ಚುತ್ತಾರೆ. ಒಳಬರುವ ನೀರಿಗಿಂತ ಪಂಪು ಹೊರಹಾಕುವ ನೀರು ಹೆಚ್ಚೆಂದು ಖಚಿತವಾದ ಮೇಲಷ್ಟೇ ಎಳೆಯುವ ಮಾತು. ಮುಂದಿನ ಭರತದ ತುದಿಗೆ, ದೋಣಿ ತಾನಾಗಿ ಅಲುಗಾಡತೊಡಗಿದಾಗ, ಲಂಗರಿನ ಹಗ್ಗವನ್ನೂ ಎಳೆಯುವ ಬೋಟನ್ನೂ ಒಟ್ಟಿಗೆ ದುಡಿಸುತ್ತಾರೆ. ಅಷ್ಟರಲ್ಲಿ ಗಾಳಿ ಇಳಿದಿದ್ದರೆ ಒಂದು ಸಣ್ಣ ಮೀನುಗಾರಿಕೆ ಬೋಟಿನ ಎಳೆತವೂ ಸಾಕಾಗುತ್ತದೆ.